ಎಲ್ಲದರಲ್ಲೂ ಕ್ಯಾಲ್ಸಿಯಂ

ರಸಾಯನಶಾಸ್ತ್ರ ಪಾಠ ಮಾಡುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನಂಥ ಹಳಬರನ್ನು ಕಂಡರೆ ಕೇಳುವುದು ಎರಡೇ ಪ್ರಶ್ನೆ: ಬಡ್ತಿ ಯಾವಾಗ ಸಿಕ್ಕಿತು, ವರ್ಗ ಎಲ್ಲೆಲ್ಲಿಗೆ ಆಯಿತು. ಎರಡಕ್ಕೂ ನನ್ನಲ್ಲಿ ರುಚಿಯಾದ ಉತ್ತರವಿಲ್ಲ. ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ, ಅತ್ತೆಯನ್ನು ಜೊತೆಗೆ ಕಟ್ಟಿಕೊಂಡು ವಿಶ್ವವಿದ್ಯಾಲಯಕ್ಕೆ ಹೋಗಿ, ನನಗಿಂತ ಎಂಟು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಮತ್ತೆ ಓದಿದ ಒಂದು ವರ್ಷವನ್ನು ಬೇಕಾದರೆ ಹೇಳುತ್ತೇನೆ. ಆ ವರ್ಷದಲ್ಲಿ ಪುಸ್ತಕದಿಂದ ಕಲಿತದ್ದು ಅರ್ಧ ಮರೆತಿದೆ, ಪಟ್ಟ ಫಜೀತಿ ಮಾತ್ರ ಒಂದೂ ಮರೆತಿಲ್ಲ.

ನನ್ನ ತವರು ಆಳಂದ ತಾಲ್ಲೂಕಿನ ನರೋಣಾ, ಕೊಟ್ಟ ಮನೆ ಜೇವರ್ಗಿ ತಾಲ್ಲೂಕಿನ ಕೊಳಕೂರ, ಕೆಲಸ ಅಫಜಲಪುರದ ಒಂದು ಸಣ್ಣ ಕಾಲೇಜಿನಲ್ಲಿ. ಮೂರು ತಾಲ್ಲೂಕಿನ ಧೂಳೂ ನನ್ನ ಸೀರೆಗೆ ಚೆನ್ನಾಗಿ ಗೊತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿ.ಎಸ್ಸಿ. ಮುಗಿಸಿದ್ದ ನಾನು ಪಿಯುಸಿ ಮಕ್ಕಳಿಗೆ ಪ್ರಯೋಗ ಮಾಡಿಸುತ್ತಿದ್ದೆ. ನಮ್ಮ ಪ್ರಾಂಶುಪಾಲರು ಇತಿಹಾಸದವರು, ಬಹಳ ಖಡಕ್ಕು. ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದು ಮಾತಾಡುವರು, ಒಳಗೆ ಕಾಲಿಡುವವರಲ್ಲ.

ಒಂದು ದಿನ ಅವರು ಕರೆದು ಗುಲ್ಬರ್ಗ ವಿಶ್ವವಿದ್ಯಾಲಯದಿಂದ ಬಂದ ಪತ್ರ ತೋರಿಸಿದರು. ಬರುವ ಜೂನ್‌ನಿಂದ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ತರಗತಿ ಶುರು ಮಾಡಲು ಅನುಮತಿ ಸಿಗುತ್ತದೆ. ಆದರೆ ಉನ್ನತ ಸಾವಯವ ಮತ್ತು ನಿರವಯವ ರಸಾಯನಶಾಸ್ತ್ರದಲ್ಲಿ ಪಾಸಾದ ಒಬ್ಬರಾದರೂ ಇರಬೇಕು. ಎಂ.ಎಸ್ಸಿ. ಆದವರು ಯಾರೂ ಅಫಜಲಪುರದಲ್ಲಿ ನಿಲ್ಲುತ್ತಿರಲಿಲ್ಲ. ಬಂದ ಇಬ್ಬರು ಮೂರನೆಯ ವಾರದಲ್ಲಿ ಬಂದ ಬಸ್ಸಿಗೇ ವಾಪಸು ಹೋಗಿದ್ದರು. ಅದಕ್ಕೆ ಒಂದು ದಾರಿ ತೆರೆದಿದ್ದರು: ಕೆಲಸದಲ್ಲಿದ್ದವರು ಒಂದು ವರ್ಷ ಅತಿಥಿ ವಿದ್ಯಾರ್ಥಿಯಾಗಿ ಬಂದು ಆ ಎರಡು ವಿಷಯ ಓದಿ, ಪ್ರಯೋಗ ಪರೀಕ್ಷೆ ಸಮೇತ ಪಾಸು ಮಾಡಬಹುದು.

ಆ ವರ್ಷ ಎರಡನೆಯ ಪಿಯುಸಿ ವಿಜ್ಞಾನದಲ್ಲಿ ಏಳು ಹುಡುಗಿಯರಿದ್ದರು. ಹುಡುಗರಿಗೆ ಚಿಂತೆಯಿಲ್ಲ, ಬಸ್ಸು ಹತ್ತಿ ಗುಲ್ಬರ್ಗಕ್ಕೆ ಹೋಗುತ್ತಾರೆ. ಈ ಏಳು ಜನರ ಅಪ್ಪಂದಿರು ಮಾತ್ರ ಊರಲ್ಲೇ ತರಗತಿ ಇದ್ದರೆ ಓದಿಸುತ್ತೇವೆ, ಊರು ಬಿಟ್ಟು ಕಳಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಎಂದು ಕರೆಯುತ್ತಾರೆ. ಪ್ರಾಂಶುಪಾಲರು ನನ್ನನ್ನು ದಿಟ್ಟಿಸಿ ನೋಡಿದರು.

“ಬಾಯಾರ, ನೀವು ಪಾಸಾದ್ರ ಜೂನಿನಾಗ ಡಿಗ್ರಿ ಕ್ಲಾಸು ಚಾಲೂ. ನಪಾಸಾದ್ರ ಈ ಏಳು ಮಂದಿ ಹುಡುಗ್ಯಾರು ಮನ್ಯಾಗ ರೊಟ್ಟಿ ಬಡೀತಾರ. ನಡುವಿನ ದಾರಿ ಇಲ್ಲ ನೋಡ್ರಿ.”

ಮನೆಯಲ್ಲಿ ಪಂಚಾಯಿತಿ ಕೂತಿತು. ನನ್ನ ಗಂಡ ಬಸ್ ಕಂಡಕ್ಟರು, ದಿನಕ್ಕೆ ನೂರು ಜನರ ಜೊತೆ ಜಗಳವಾಡುವವರು, ಈ ವಿಷಯಕ್ಕೆ ಮಾತ್ರ ಬಾಯಿ ಬಿಡದೆ ತಾಯಿಯ ಮುಖ ನೋಡಿದರು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸೊಸೆಯೊಬ್ಬಳೇ ಶಹರದಲ್ಲಿ ಹೇಗಿರುತ್ತಾಳೆ ಎಂದು ನೆರೆಯವರು ರಾಗ ಎಳೆಯುತ್ತಿದ್ದಾಗ ಅವರು ಎದ್ದು ತಮ್ಮ ಎರಡು ಸೀರೆ ಗಂಟು ಕಟ್ಟಿದರು. ತಾವೂ ಬರುವುದಾಗಿ, ಇಷ್ಟು ವರ್ಷ ಒಲೆಯ ಮುಂದೆ ಕೂತು ಬೇಸರ ಬಂದಿರುವುದಾಗಿ ಹೇಳಿದರು. ಹೀಗೆ ಗುಲ್ಬರ್ಗದಲ್ಲಿ ಒಂದು ಖೋಲಿ ಹಿಡಿದು ಅತ್ತೆ ಸೊಸೆ ವಿದ್ಯಾರ್ಥಿ ಜೀವನ ಶುರು ಮಾಡಿದೆವು. ಬೆಳಿಗ್ಗೆ ರೊಟ್ಟಿ ಕಟ್ಟಿ, ಹಣೆಗೆ ತಮ್ಮ ಕೈಯಾರೆ ವಿಭೂತಿ ಹಚ್ಚಿ, ಬೀದಿ ತಿರುವಿನವರೆಗೂ ಬಂದು ಕಳಿಸುವರು.

ಮೊದಲ ದಿನ ನಾನು ತರಗತಿಯೊಳಗೆ ಹೋದ ಕೂಡಲೇ ಹುಡುಗರೆಲ್ಲ ದಡಬಡಿಸಿ ಎದ್ದು ನಿಂತರು. ಹೊಸ ಮೇಡಂ ಬಂದರೆಂದು ಅವರ ಲೆಕ್ಕ. ಆರು ವರ್ಷದ ಅಭ್ಯಾಸ ನೋಡಿ, ನಾನೂ ಗಂಭೀರವಾಗಿ ಕೂತುಕೊಳ್ಳಿ ಎಂದು ಕೈ ಮಾಡಿದೆ. ಅವರು ಕೂತರು. ಆಮೇಲೆ ನಾನು ಹೋಗಿ ಎರಡನೆಯ ಬೆಂಚಿನಲ್ಲಿ ಅವರ ಪಕ್ಕ ಕೂತೆ. ನಂತರ ಎದ್ದ ನಗು, ನಿರವಯವ ರಸಾಯನ ಹೇಳುವ ಇನಾಮದಾರ ಸರ್ ಬಂದು ಡಸ್ಟರು ಕುಟ್ಟುವವರೆಗೂ ನಿಲ್ಲಲಿಲ್ಲ. ಸರ್ ನನ್ನ ಕಡೆ ನೋಡಿ, ತಪಾಸಣೆಗೆ ಬಂದವರು ಕುರ್ಚಿಯಲ್ಲಿ ಕೂಡಬೇಕು ಎಂದು ವಿನಯದಿಂದ ಹೇಳಿದಾಗ ಮತ್ತೆ ನಗು ಎದ್ದಿತು.

ಇನಾಮದಾರ ಸರ್ ಬೆತ್ತದಂತೆ ಸಣಕಲು, ಮಾತು ಮೆಣಸಿನಕಾಯಿ. ಪ್ರಯೋಗಾಲಯದ ನಿಜವಾದ ಯಜಮಾನ ಮಾತ್ರ ಅಟೆಂಡರ್ ಖಾಜಾಸಾಬ. ಯಾವ ಬಾಟಲಿಯಲ್ಲಿ ಏನಿದೆ, ಯಾವ ಚೀಟಿ ಸುಳ್ಳು ಹೇಳುತ್ತದೆ, ಎಲ್ಲ ಆತನಿಗೆ ಗೊತ್ತು. ಹೊಸಬರು ಈ ಮಾತನ್ನು ಬರೆದಿಟ್ಟುಕೊಳ್ಳಿ: ಪ್ರಾಧ್ಯಾಪಕರಿಗೆ ನಮಸ್ಕಾರ ಮಾಡುವ ಮುಂಚೆ ಅಟೆಂಡರಿಗೆ ಮಾಡಬೇಕು.

ಎರಡನೆಯ ವಾರದಲ್ಲೇ ಮಾನ ಹೋಯಿತು. ಒಂದು ಉಪ್ಪಿಗೆ ಆಮ್ಲ ಹಾಕಿದಾಗ ಬರುವ ವಾಸನೆ ಗುರುತಿಸಬೇಕಿತ್ತು. ಪುಸ್ತಕದಲ್ಲಿ ‘ಕೊಳೆತ ಮೊಟ್ಟೆಯ ವಾಸನೆ’ ಎಂದಿದೆ. ನಾನು ಮೂಸಿದೆ, ಇನ್ನೊಮ್ಮೆ ಮೂಸಿದೆ, ಕೊನೆಗೆ ‘ನಮ್ಮೂರ ಗಟಾರದ ವಾಸನೆ’ ಎಂದು ಬರೆದೆ. ಸರ್ ಓದಿ ಕನ್ನಡಕ ತೆಗೆದರು. ಇದು ಯಾವ ಗ್ರಂಥದಲ್ಲಿದೆ ಎಂದು ಕೇಳಿದರು.

“ಸರ್, ನಾವು ತತ್ತಿ ತಿನ್ನೋ ಮಂದಿ ಅಲ್ರಿ,” ಎಂದೆ. “ಛಲೋ ತತ್ತಿ ವಾಸನೀನೇ ಗೊತ್ತಿಲ್ಲ, ಕೊಳತದ್ದು ಹ್ಯಾಂಗ ಗೊತ್ತಾಗಬೇಕ್ರಿ?”

ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ಆ ಅನಿಲ ಸೀರೆಗೂ ಕೂದಲಿಗೂ ಹತ್ತಿಕೊಂಡು ಮನೆಗೆ ಬಂತು. ಅತ್ತೆಗೂ ಆ ವಾಸನೆ ಗೊತ್ತಿರಲಿಲ್ಲ, ಪಕ್ಕದ ಖೋಲಿಯವಳು ತತ್ತಿಯ ವಾಸನೆ ಎಂದು ಗುರುತು ಹಿಡಿದು ಹೇಳಿದಳಂತೆ. ಎರಡು ದಿನ ಅತ್ತೆ ಮಾತಾಡಲಿಲ್ಲ. ನನ್ನ ಊಟದ ತಾಟು ಬೇರೆ ಮೂಲೆಗೆ ಹೋಯಿತು. ಮೂರನೆಯ ದಿನ ನನ್ನನ್ನು ಎದುರು ಕೂಡಿಸಿಕೊಂಡರು.

“ಖರೇ ಹೇಳು ಬೇ, ಶಹರಕ್ಕ ಬಂದು ತತ್ತಿ ತಿನ್ನಾಕತ್ತೀಯೇನ?”

ಆಣೆ ಮಾಡಿದರೂ ನಂಬಲಿಲ್ಲ. ಮರುದಿನ ಕೈ ಹಿಡಿದು ಪ್ರಯೋಗಾಲಯಕ್ಕೇ ಕರೆದೊಯ್ದೆ. ಖಾಜಾಸಾಬ ಬಹಳ ಮರ್ಯಾದೆಯಿಂದ ಸ್ಟೂಲು ಹಾಕಿ ಕೂಡಿಸಿ, ಅನಿಲ ತಯಾರಾಗುವ ಉಪಕರಣದ ನಲ್ಲಿಯನ್ನು ಒಂದೇ ಒಂದು ಗಳಿಗೆ ತಿರುಗಿಸಿದ. ಅತ್ತೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು, ಇದನ್ನು ಮೂಸಿ ನೋಡುವುದಕ್ಕೆ ಸರಕಾರ ಇಷ್ಟು ದೊಡ್ಡ ಮನೆ ಕಟ್ಟಿಸಿದೆಯೇ ಎಂದು ಕೇಳಿದರು. ಅಂದು ಸಂಜೆ ನನ್ನ ತಾಟು ಮೊದಲಿನ ಜಾಗಕ್ಕೆ ಬಂತು.

ಸಾವಯವ ರಸಾಯನ ಅತ್ತೆಗೆ ಹೆಚ್ಚು ಹಿಡಿಸಿತು. ಅಲ್ಲಿ ಹಣ್ಣಿನ ವಾಸನೆ, ಹೂವಿನ ವಾಸನೆ ಬರುವ ದ್ರವಗಳನ್ನು ಮಾಡುತ್ತಿದ್ದೆವು. ಒಂದು ದಿನ ನೋವಿನ ಎಣ್ಣೆಯಲ್ಲಿ ಹಾಕುವ ಒಂದು ದ್ರವ ತಯಾರಿಸಿ, ವಾಸನೆ ನೋಡಲೆಂದು ಹತ್ತಿಯಲ್ಲಿ ಎರಡು ಹನಿ ಅದ್ದಿಕೊಂಡು ಮನೆಗೆ ಬಂದೆ. ನಾನು ಬೇಡ ಬೇಡ ಎನ್ನುವುದರೊಳಗೆ ಅತ್ತೆ ಅದನ್ನು ಮೊಣಕಾಲಿಗೆ ಒತ್ತಿಕೊಂಡರು. ಮರುದಿನ ಬೆಳಿಗ್ಗೆ ಓಣಿಯ ಆರು ಮಂದಿ ಮುದುಕಿಯರು ಮೊಣಕಾಲು ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ಕೂತಿದ್ದರು. ಅವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ನನ್ನ ಮೊದಲ ಪಿರಿಯಡ್ಡು ತಪ್ಪಿತು.

ಇಷ್ಟೆಲ್ಲ ನಗೆಯ ನಡುವೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಇನಾಮದಾರ ಸರ್ ಆ ವರ್ಷ ಎಲ್ಲೋ ತರಬೇತಿಗೆ ಹೋಗಿ ಹೊಸ ವಿಧಾನ ಕಲಿತು ಬಂದಿದ್ದರು. ಹಿಂದೆಲ್ಲ ಮಿಶ್ರ ಉಪ್ಪಿನಲ್ಲಿ ಯಾವ ಲೋಹ ಇದೆ ಎಂದು ಹುಡುಕಲು ಚಮಚಗಟ್ಟಲೆ ಉಪ್ಪು ಹಾಕಿ ಕುದಿಸುತ್ತಿದ್ದೆವು. ಹೊಸ ವಿಧಾನದಲ್ಲಿ ಎಲ್ಲವೂ ಅಣಕು ಅಡುಗೆ. ಸಾಸಿವೆ ಕಾಳಿನಷ್ಟು ಉಪ್ಪು, ಹನಿ ಲೆಕ್ಕದಲ್ಲಿ ಆಮ್ಲ, ಬೆರಳುದ್ದದ ಕೊಳವೆ. ಸರ್‌ಗೆ ಇದರ ಮೇಲೆ ವಿಪರೀತ ಪ್ರೀತಿ.

ಈ ಸಾಸಿವೆ ಕಾಳಿನಲ್ಲಿ ನನಗೆ ಪ್ರತಿಸಲವೂ ಕ್ಯಾಲ್ಸಿಯಂ ಸಿಗುತ್ತಿತ್ತು. ಜೊತೆಗೆ ಆಮ್ಲ ಹಾಕಿದರೆ ನೊರೆಯೇಳುವ ಕಾರ್ಬೊನೇಟ್. ಸತುವಿನ ಉಪ್ಪು ಕೊಟ್ಟರೂ ಕ್ಯಾಲ್ಸಿಯಂ, ಕೋಬಾಲ್ಟ್ ಕೊಟ್ಟರೂ ಕ್ಯಾಲ್ಸಿಯಂ. ಪಕ್ಕದವರಿಗೆ ಅದೇ ಬಾಟಲಿಯಿಂದ ಕೊಟ್ಟ ಉಪ್ಪಿನಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ.

“ಬಾಯಾರ, ಮೈಲತುತ್ತ ಕೊಟ್ರೂ ಸುಣ್ಣ, ತವರ ಕೊಟ್ರೂ ಸುಣ್ಣ,” ಎಂದರು ಸರ್. “ಡಿಗ್ರಿ ಬಿಟ್ಟು ಎಲಿ ಅಡಕಿ ಅಂಗಡಿ ಇಡ್ರಿ.”

ಎಲ್ಲರ ಜೊತೆ ನಾನೂ ನಕ್ಕೆ, ಆಮೇಲೆ ಹಿಂದಿನ ವರಾಂಡಕ್ಕೆ ಹೋಗಿ ಅತ್ತುಬಿಟ್ಟೆ. ನಡುವಿನ ಪರೀಕ್ಷೆಯಲ್ಲಿ ನಪಾಸಾದೆ. ವಾರ್ಷಿಕ ಪರೀಕ್ಷೆಯಲ್ಲೂ ಇದೇ ಹಾಡಾದರೆ ಪಾಸು ಮಾಡಲು ಬ್ರಹ್ಮನಿಂದಲೂ ಆಗದು ಎಂದು ಸರ್ ಹೇಳಿದರು. ಏಳು ಹುಡುಗಿಯರ ಮುಖ ಕಣ್ಣಿಗೆ ಕಟ್ಟಿತು. ಕೊಳವೆಗಳನ್ನು ಆಮ್ಲದಲ್ಲಿ ತೊಳೆದೆ, ಬಟ್ಟಿ ಇಳಿಸಿದ ನೀರನ್ನು ಮತ್ತೆ ಬಟ್ಟಿ ಇಳಿಸಿದೆ, ಕೂತ ಜಾಗ ಬದಲಿಸಿದೆ, ಗೋಡೆಯ ಸುಣ್ಣ ಉದುರುತ್ತದೆಯೇನೋ ಎಂದು ನೆತ್ತಿಯ ಮೇಲೆ ಪೇಪರು ಕಟ್ಟಿದೆ. ಕ್ಯಾಲ್ಸಿಯಂ ಜಪ್ಪೆನ್ನಲಿಲ್ಲ.

ಏಪ್ರಿಲ್ ಬಂತು. ದೀಪಗಳು ಆರುತ್ತವೆಂದು ಪ್ರಯೋಗಾಲಯದಲ್ಲಿ ಫ್ಯಾನು ಹಾಕುವಂತಿರಲಿಲ್ಲ. ನಮ್ಮ ಕಡೆಯ ಬಿಸಿಲು, ಎದುರಿಗೆ ಉರಿಯುವ ದೀಪ, ಬೆವರು ಧಾರಾಕಾರ. ಕೊಳವೆಯ ಮೇಲೆ ಬಗ್ಗಿ ಹನಿ ಎಣಿಸುತ್ತಿದ್ದೆ. ಎದುರಿಗೆ ಬಂದ ಖಾಜಾಸಾಬ ಗಕ್ಕನೆ ನಿಂತ.

“ಅಕ್ಕಾರ, ಹಂಗೇ ಇರ್ರಿ. ಅಲುಗಬ್ಯಾಡ್ರಿ.”

ಮೈಮೇಲೆ ಚೇಳು ಹತ್ತಿದೆ ಎಂದುಕೊಂಡು ಕಲ್ಲಾಗಿ ನಿಂತೆ. ಆತ ಒಂದು ಗಾಜಿನ ಬಿಲ್ಲೆಯನ್ನು ನನ್ನ ಹಣೆಯ ಕೆಳಗೆ ಹಿಡಿದ. ಬೆವರಿಗೆ ಸಡಿಲಾದ ವಿಭೂತಿಯ ಬಿಳಿ ಹಕ್ಕಳೆಯೊಂದು ಅದರಲ್ಲಿ ಬಿತ್ತು. ಆತ ಎರಡು ಹನಿ ಆಮ್ಲ ಹಾಕಿದ. ಬುಸ್ ಎಂದು ನೊರೆಯೆದ್ದಿತು. ನಾನು ಉಳಿದ ಪರೀಕ್ಷೆ ಮಾಡಿದೆ. ಬಿಳಿ ಗಸಿ ಇಳಿಯಿತು. ಅಪ್ಪಟ ಕ್ಯಾಲ್ಸಿಯಂ: ಅಂಗಡಿಯ ವಿಭೂತಿ ಗಟ್ಟಿಯಲ್ಲಿ ಬೂದಿಗಿಂತ ಸೀಮೆಸುಣ್ಣದ ಪುಡಿಯೇ ಹೆಚ್ಚು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವ ಗಾದೆ ನನಗೆ ಅವತ್ತು ಪೂರ್ತಿ ಅರ್ಥವಾಯಿತು. ಹಿಂದಿನ ಕಾಲದ ಚಮಚ ಉಪ್ಪಿನಲ್ಲಿ ಈ ಹಕ್ಕಳೆ ಎಲ್ಲಿ ಬಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸಾಸಿವೆ ಕಾಳಿನಷ್ಟರಲ್ಲಿ ಬಿದ್ದರೆ ಅದೇ ಅರ್ಧ ಪಾಲು. ನಾನು ಸಂತೋಷಕ್ಕೆ ಕೂಗಿಕೊಂಡೆ, ಖಾಜಾಸಾಬನ ಎರಡೂ ಕೈ ಹಿಡಿದು ಕುಣಿದೆ. ವಿಭೂತಿ ಹಚ್ಚಿಕೊಂಡು ಬಂದಿದ್ದ ಇನ್ನಿಬ್ಬರು ಹುಡುಗರು ಗಾಬರಿಯಾಗಿ ತಂತಮ್ಮ ಹಣೆ ಮುಟ್ಟಿಕೊಂಡರು. ಬೆಂಕಿ ಬಿತ್ತೆಂದು ಓಡಿ ಬಂದ ಇನಾಮದಾರ ಸರ್ ಬಿಲ್ಲೆಯನ್ನು ನೋಡಿದರು, ನನ್ನ ಹಣೆ ನೋಡಿದರು, ಮೇಜು ಹಿಡಿದುಕೊಂಡು ನಗಲು ಶುರು ಮಾಡಿದರು. ಅವರು ನಕ್ಕಿದ್ದನ್ನು ಆ ವಿಭಾಗದಲ್ಲಿ ಯಾರೂ ಮುಂಚೆ ನೋಡಿರಲಿಲ್ಲವಂತೆ. ನಗು ನಿಂತ ಮೇಲೆ, ಕೊಟ್ಟ ಅಂಕ ಬದಲಾಗುವುದಿಲ್ಲ, ಪರೀಕ್ಷೆಯ ದಿನ ನಿಮ್ಮ ಹಣೆ ನನ್ನ ಉಪ್ಪಿನೊಳಗೆ ಬರಬಾರದು ಎಂದು ಹೇಳಿ ಹೋದರು.

ಈಗ ಅತ್ತೆಗೆ ಹೇಳುವುದು ಹೇಗೆ? ಹೆದರಿಕೆ ಒಂದು ಕಡೆ ಇರಲಿ, ನನಗೇ ಮನಸ್ಸಿರಲಿಲ್ಲ. ದಿನಾ ಬೆಳಿಗ್ಗೆ ಅವರ ಒರಟು ಬೆರಳು ಹಣೆಯ ಮೇಲೆ ತಣ್ಣಗೆ ಆಡಿದರೆ ಎಂಥ ಪರೀಕ್ಷೆಯನ್ನಾದರೂ ಗೆದ್ದು ಬರುತ್ತೇನೆ ಎನಿಸುತ್ತಿತ್ತು. ಅದು ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ. ಮೂರು ದಿನ ಒದ್ದಾಡಿ ನಾಲ್ಕನೆಯ ದಿನ ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ಎಷ್ಟು ಬಗ್ಗುತ್ತೀ, ಎಲ್ಲಿಂದ ಉದುರುತ್ತದೆ ಎಂದು ವಿಚಾರಿಸಿ, ಹಳೆಯ ಸೀರೆಯ ಅಂಚನ್ನು ಹರಿದು ಒಂದು ಪಟ್ಟಿ ಮಾಡಿದರು. ಎಂದಿನಂತೆ ವಿಭೂತಿ ಹಚ್ಚಿ, ಅದರ ಮೇಲೆ ಪಟ್ಟಿಯನ್ನು ಬಿಗಿದು ಕಟ್ಟಿದರು. ವಿಭೂತಿ ಮುಚ್ಚಿ ಹೋಯಿತಲ್ಲ ಎಂದು ನಾನು ರಾಗ ತೆಗೆದೆ.

“ಮಂದಿಗಿ ತೋರಸಾಕ ಹಚ್ಚಿಕೋತಾರೇನ ಬೇ? ಒಳಗ ಇರಲಿ ಬಿಡು. ನೀ ಕೆಲಸ ನೋಡು.”

ತಲೆನೋವಿನವಳ ಹಾಗೆ ಪಟ್ಟಿ ಕಟ್ಟಿಕೊಂಡು ಹೋದೆ. ವಾರದೊಳಗೆ ಆ ಇಬ್ಬರು ಹುಡುಗರೂ ಕರವಸ್ತ್ರ ಕಟ್ಟಿಕೊಂಡು ಬಂದರು. ಇದು ಪ್ರಯೋಗಾಲಯವೋ ಕುಸ್ತಿಯ ಅಖಾಡವೋ ಎಂದು ಸರ್ ಕೇಳಿದರು. ನನ್ನ ಉಪ್ಪಿನಲ್ಲಿ ಮಾತ್ರ ಕ್ಯಾಲ್ಸಿಯಂ ಬರುವುದು ನಿಂತಿತು.

ವಾರ್ಷಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಒಬ್ಬೊಬ್ಬರಿಗೆ ಒಂದೊಂದು ಮಿಶ್ರಣ, ನಾಲ್ಕು ಲೋಹ ಪತ್ತೆ ಹಚ್ಚಬೇಕು. ಮಧ್ಯಾಹ್ನದೊಳಗೆ ನನಗೆ ತಾಮ್ರ ಸಿಕ್ಕಿತು, ನಿಕಲ್ ಸಿಕ್ಕಿತು. ಹಕ್ಕಿಯಂತೆ ಹಗುರಾಗಿ ಮುಂದಿನ ಗುಂಪಿನ ಲೋಹಗಳ ಪರೀಕ್ಷೆಗೆ ಹೋದೆ. ಹನಿ ಹಾಕಿದೆ. ಬಿಳಿ ಗಸಿ ಇಳಿಯಿತು. ಪರೀಕ್ಷಿಸಿದೆ, ಕ್ಯಾಲ್ಸಿಯಂ.

ಹಣೆ ಮುಟ್ಟಿಕೊಂಡೆ, ಪಟ್ಟಿ ಬಿಗಿಯಾಗಿಯೇ ಇದೆ, ಆದರೆ ಬೆವರಿಗೆ ಒದ್ದೆಯಾಗಿದೆ. ಇದು ಅವರು ಹಾಕಿದ ಕ್ಯಾಲ್ಸಿಯಮ್ಮೋ, ನನ್ನದೋ? ಇದೆ ಎಂದು ಬರೆದು ಅದು ನನ್ನದಾಗಿದ್ದರೆ ಹೋಯಿತು. ಇಲ್ಲ ಎಂದು ಬರೆದು ಅದು ಅವರದಾಗಿದ್ದರೂ ಹೋಯಿತು. ಗಡಿಯಾರ ಓಡುತ್ತಿತ್ತು. ತಿಳಿಯಲು ಇದ್ದ ದಾರಿ ಒಂದೇ: ಉಪ್ಪೇ ಹಾಕದೆ, ಅದೇ ನೀರು, ಅದೇ ಆಮ್ಲ, ಅದೇ ಹಣೆ ಇಟ್ಟುಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿ ನೋಡುವುದು. ಆಗಲೂ ಗಸಿ ಬಂದರೆ ತಪ್ಪು ನನ್ನದು. ಹಾಗೆ ಮಾಡಿದರೆ ನಾಲ್ಕನೆಯ ಲೋಹ ಹುಡುಕಲು ಸಮಯ ಉಳಿಯುವುದಿಲ್ಲ. ಮೂರೇ ಸಿಕ್ಕರೆ ಪಾಸಾಗುವ ಖಾತ್ರಿಯೂ ಇಲ್ಲ. ಆದರೂ ಹೊಸ ಕೊಳವೆ ತೆಗೆದುಕೊಂಡೆ.

ಖಾಲಿ ಕೊಳವೆಯಲ್ಲಿ ಏನೂ ಬರಲಿಲ್ಲ. ತಿಳಿನೀರು ತಿಳಿನೀರಾಗಿಯೇ ಉಳಿಯಿತು, ಅಂದರೆ ಕ್ಯಾಲ್ಸಿಯಂ ಅವರದೇ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಲ್ಕನೆಯದನ್ನು ಅಂದಾಜಿನ ಮೇಲೆ ಬರೆಯುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಬಿದ್ದರೆ ಮಾವಿನಕಾಯಿ, ಇಲ್ಲದಿದ್ದರೆ ಕಲ್ಲು. ಪೆನ್ನು ಅಲ್ಲಿಯವರೆಗೂ ಹೋಗಿತ್ತು. ಆದರೆ ವರ್ಷವಿಡೀ ಇಲ್ಲದ್ದನ್ನು ಇದೆ ಎಂದು ಬರೆದು ನನಗೆ ಸಾಕಾಗಿತ್ತು. ‘ನಾಲ್ಕನೆಯದು ಸಿಗಲಿಲ್ಲ’ ಎಂದು ಬರೆದು ಕೊಟ್ಟೆ.

ಪರೀಕ್ಷಕರು ಕಾಗದ ನೋಡಿ, ಉಪ್ಪಿಲ್ಲದ ಖಾಲಿ ಪ್ರಯೋಗಕ್ಕೆ ಇಷ್ಟು ಹೊತ್ತು ಏಕೆ ಕಳೆದಿರಿ ಎಂದು ಕೇಳಿದರು. ತಲೆಯ ಪಟ್ಟಿ ಬಿಚ್ಚಿ ಹಣೆ ತೋರಿಸಿ ಎಲ್ಲ ಕಥೆ ಹೇಳಿದೆ. ಹಿಂದೆ ನಿಂತಿದ್ದ ಇನಾಮದಾರ ಸರ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಪರೀಕ್ಷಕರು ನಗಲಿಲ್ಲ, ಗದರಲಿಲ್ಲ, ತಲೆ ತಗ್ಗಿಸಿ ಬಹಳ ಹೊತ್ತು ಏನೋ ಬರೆದರು. ಆ ಬರವಣಿಗೆ ನೋಡಿ ನಾನು ನಪಾಸಾದೆನೆಂದೇ ಮನೆಗೆ ಬಂದೆ.

ಖೋಲಿ ಬಿಟ್ಟು ಅತ್ತೆ ಸೊಸೆ ಕೊಳಕೂರಿಗೆ ಬಂದ ಮೇಲೆ, ಫಲಿತಾಂಶ ಬಂದದ್ದು ನನ್ನ ಗಂಡನ ಬಸ್ಸಿನಲ್ಲಿ. ಕೊಳಕೂರಿನ ನಿಲ್ದಾಣ ಇನ್ನೂ ದೂರ ಇರುವಾಗಲೇ ಸೀಟಿ ಊದುತ್ತಾ ಬಂದರು. ಬಸ್ಸಿನಲ್ಲಿದ್ದ ಜನ ಯಾರೋ ಬಿದ್ದರೆಂದು ಕಿಟಕಿಯಿಂದ ಇಣುಕುತ್ತಿದ್ದರು. ಸಾವಯವದಲ್ಲಿ ಒಳ್ಳೆಯ ಅಂಕ, ನಿರವಯವದಲ್ಲಿ ಕೂದಲೆಳೆಯಲ್ಲಿ ಪಾಸು. ನಾನು ಅಂಗಳದಲ್ಲೇ ಕೂತುಬಿಟ್ಟೆ. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಮೊದಲು ಆ ಏಳೂ ಹುಡುಗಿಯರ ಮನೆಗೆ ಹೇಳಿ ಕಳಿಸು ಎಂದರು.

ಜೂನ್‌ನಲ್ಲಿ ತರಗತಿ ಶುರುವಾಯಿತು. ಪ್ರಾಂಶುಪಾಲರು ಹಾಜರಿ ಪುಸ್ತಕ ನನ್ನ ಕೈಗಿತ್ತು, ಎಂದಿನಂತೆ ಬಾಗಿಲಲ್ಲೇ ನಿಂತರು. ಏಳು ಹುಡುಗಿಯರೂ ಹೊಸ ಲಂಗ ದಾವಣಿ ಉಟ್ಟು ಸಾಲಾಗಿ ಕೂತಿದ್ದರು. ನಾನು ಒಂದೊಂದೇ ಹೆಸರು ಕೂಗಿದೆ. ಏಳು ಮುಗಿದ ಮೇಲೆ ಪುಟದಲ್ಲಿ ಎಂಟನೆಯ ಹೆಸರಿತ್ತು, ಅದರ ಮುಂದೆ ಪ್ರಾಂಶುಪಾಲರ ಮನೆತನದ ಹೆಸರು. ಕೂಗಿದೆ. ಕೊನೆಯ ಬೆಂಚಿನಿಂದ, ಗುಲ್ಬರ್ಗದಲ್ಲಿ ಪಿಯುಸಿ ಓದಿದ್ದ ಅವರ ಮಗಳು ಎದ್ದು ನಿಂತಳು. ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಅವರು ಮೂಗಿನ ಮೇಲಿನ ಕರವಸ್ತ್ರ ತೆಗೆದರು.

“ಅಕಿಗಿ ಗುಲ್ಬರ್ಗಾದಾಗ ಸೀಟು ಸಿಕ್ಕಿತ್ತು ಬಾಯಾರ. ಬ್ಯಾಡಂತ ಬರದು ಕಳಿಸೇನಿ. ನಿಮ್ಮ ಇನಾಮದಾರ ಸರ್ ನನಗ ಪತ್ರ ಹಾಕಿದ್ರು. ನಾಲ್ಕನೇದು ಸಿಗಲಿಲ್ಲಂತ ಖರೇ ಬರದು ಬಂದವರ ಕೈಯಾಗ ನನ್ನ ಮಗಳು ಕಲೀಲಿ.”

ಅಷ್ಟು ಹೇಳಿ ಅವರು ಹೊರಟುಹೋದರು. ನನಗೆ ಪಾಠದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಏನು ಮಾಡಬೇಕೆಂದು ತೋಚದೆ ಹಾಜರಿ ಪುಸ್ತಕ ತೆರೆದು ಮೊದಲಿನಿಂದ ಮತ್ತೆ ಹೆಸರು ಕೂಗಿದೆ. ಎಂಟೂ ಹುಡುಗಿಯರು ನಗುತ್ತ ಎರಡನೆಯ ಸಲವೂ ಎದ್ದು ನಿಂತು ಹಾಜರಿ ಹೇಳಿದರು.